ಏರಿದ ಷೇರು, ಬಾಡಿದ ಮುಖ
ನನ್ನ ಷೇರು ಏರಿದೆ, ಆದರೂ ಮುಖ ಬಾಡಿದೆ. ನಗಬೇಡಿ.

ಒಂದು ಟೆಕ್ ಷೇರು, ಹೆಸರು ಬೇಡ ಬಿಡಿ. ಬೆಲೆ 100 ಡಾಲರ್ ಇದ್ದಾಗ, ಕೈಯಲ್ಲಿದ್ದ 100 ಷೇರಿನ ಮೇಲೆ 110ರ ಕಾಲ್ ಮಾರಿದೆ, ಅಂದರೆ ತಿಂಗಳೊಳಗೆ ಷೇರನ್ನು 110ಕ್ಕೆ ನನ್ನಿಂದ ಕೊಳ್ಳುವ ಹಕ್ಕನ್ನು (ಇದೂ ಒಂದು ಆಪ್ಷನ್) ಬೇರೆಯವರಿಗೆ ಕೊಟ್ಟೆ. ಆ ಹಕ್ಕಿನ ಬೆಲೆಯಾಗಿ ಷೇರಿಗೆ 3ರಂತೆ 300 ಡಾಲರ್ ಪ್ರೀಮಿಯಂ ಬಂತು. ಸುಮ್ನೆ ಬಿದ್ದಿದ್ದ ಷೇರಿಗೆ ಬಾಡಿಗೆ ಬಂದ ಹಾಗೆ ಅಲ್ವಾ ಅಂತ ಖುಷಿಯೋ ಖುಷಿ. ತಿಂಗಳು ಮುಗಿಯುವಷ್ಟರಲ್ಲಿ ಅದು 131! ಷೇರು 110ಕ್ಕೇ ಕೈಬಿಟ್ಟು ಹೋಯಿತು. ನನಗೆ ಸಿಕ್ಕಿದ್ದು ಒಟ್ಟು 1,300, ಏನೂ ಮಾಡದೆ ತೆಪ್ಪಗೆ ಕೂತಿದ್ದರೆ 3,100. ಇದು ನಷ್ಟ ಅಲ್ಲ, ನಿಜ. ಹೊಟ್ಟೆ ಉರಿಗೆ ಆ ಲೆಕ್ಕ ಗೊತ್ತಾಗಬೇಕಲ್ಲ.

ಹಾಗಾದರೆ ಕಾಲ್ ಕೊಂಡುಬಿಡೋದೇ ಅಂದರೆ ಅಲ್ಲೂ ಒಂದು ಕೊಕ್ಕೆ. ಕಂಪನಿಯ ಫಲಿತಾಂಶದ ಹಿಂದಿನ ದಿನ ಪ್ರೀಮಿಯಂ ಊದಿಕೊಂಡಿರುತ್ತದೆ, ಮರುದಿನ ಷೇರು ಸ್ವಲ್ಪ ಏರಿದರೂ ವೊಲಟಿಲಿಟಿ (ಷೇರು ಎಷ್ಟು ಏರಿಳಿಯಬಹುದು ಎಂಬ ಮಾರುಕಟ್ಟೆಯ ಅಂದಾಜು) ಇಳಿದು ಆಪ್ಷನ್ ಬೆಲೆ ಬಿದ್ದುಹೋಗಬಹುದು. ದಿಕ್ಕು ಸರಿ, ದುಡ್ಡು ಮಾತ್ರ ಇಲ್ಲ! ಆದರೆ 2023ರ ಮೇ 25ರಂಥ ದಿನವೂ ಬರುತ್ತದೆ, ಎನ್‌ವಿಡಿಯಾ ಒಂದೇ ದಿನಕ್ಕೆ ಸುಮಾರು 24% ಹಾರಿತ್ತು. ಅಂಥ ದಿನ ಕಾಲ್ ಕೊಂಡವರದ್ದೇ ಹಬ್ಬ.

ನಾನೀಗ ನಡುವಿನ ದಾರಿ ಹಿಡಿದಿದ್ದೇನೆ. ಅದೇ ನನ್ನ ಹಳೇ ಷೇರಿನ ಮೇಲೆ 130ರ ಕಾಲ್ ಕೊಂಡು 145ರದ್ದು ಮಾರಿದ್ದೇನೆ, ಎರಡೂ ಸೇರಿ ಷೇರಿಗೆ 5 ಡಾಲರ್ ಹಾಕಿದ್ದೇನೆ. ಹೋದರೆ ಅಷ್ಟೇ, ಬಂದರೆ ಜಾಸ್ತಿ ಅಂದರೆ 10 (15ರ ಅಂತರದಲ್ಲಿ ಹಾಕಿದ 5 ಕಳೆದು), 145ರ ಮೇಲಿನ ಏರಿಕೆ ನನಗಿಲ್ಲ. ಇನ್ನು ಅದು 160 ಮುಟ್ಟಿದರೆ ಮತ್ತೆ ಬಂದು ಗೋಳಾಡುತ್ತೇನೆ, ಸಹಿಸಿಕೊಳ್ಳಿ.