ಎರಡು ಬಿಳಿ ಕಲ್ಲು

ಡಿಗ್ರಿಯಲ್ಲಿ ಭೂವಿಜ್ಞಾನದ ಇಂಟರ್ನಲ್ ಪ್ರಾಕ್ಟಿಕಲ್. ಟ್ರೇನಲ್ಲಿ ಆರು ರೂಪಾಂತರ ಶಿಲೆ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಅದರಲ್ಲಿ ಎರಡು ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗೊತ್ತಿದ್ದೂ ಎರಡಕ್ಕೂ ‘ಅಮೃತಶಿಲೆ’ ಅಂತ ಗೀಚಿಬಿಟ್ಟೆ.

ಮೇಡಂ ಬೈಯಲಿಲ್ಲ. ಆಸಿಡ್ ಸೀಸೆ ಮುಂದಿಟ್ಟರು. “ಒಂದೊಂದು ಹನಿ ಹಾಕಪ್ಪ.”

ಮೊದಲನೆಯದು ಚುರ್ ಅಂತ ನೊರೆ ಬಿಟ್ಟಿತು. ಎರಡನೆಯದರ ಮೇಲೆ ಹನಿ ಸುಮ್ನೆ ಕೂತಿತ್ತು. ಅದನ್ನು ಗಾಜಿಗೆ ಉಜ್ಜಿದೆ, ಗಾಜಿಗೇ ಗೀರು ಬಿತ್ತು. ಅದು ಕ್ವಾರ್ಟ್ಜೈಟ್, ಒಂದು ಕಾಲದ ಮರಳುಗಲ್ಲು. ನೊರೆ ಬಿಟ್ಟದ್ದು ಮಾತ್ರ ಅಮೃತಶಿಲೆ, ಮೂಲದಲ್ಲಿ ಸುಣ್ಣಕಲ್ಲು.

“ಹೇಗಾಯ್ತು ಇದು?”

“ಕರಗಿ ಗಟ್ಟಿಯಾಯ್ತು ಮೇಡಂ.”

ಎರಡನೇ ತಪ್ಪು. ಕರಗಿ ಆರಿದರೆ ಅದು ಅಗ್ನಿಶಿಲೆ. ರೂಪಾಂತರ ಶಿಲೆ ಗಟ್ಟಿಯಾಗಿದ್ದುಕೊಂಡೇ ಬದಲಾಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಳೆ ಖನಿಜಗಳು ಹೊಸ ಹರಳುಗಳಾಗಿ ಬೆಳೆಯತೊಡಗುತ್ತವೆ. ಒತ್ತಡ ಒಂದೇ ದಿಕ್ಕಿನಿಂದ ಜಾಸ್ತಿಯಾದರೆ ಚಪ್ಪಟೆ ಹರಳುಗಳು ಅದಕ್ಕೆ ಅಡ್ಡಲಾಗಿ ಸಾಲಾಗಿ ಮಲಗುತ್ತವೆ. ಪದರ ಬರುವುದು ಹಾಗೆ. ಶುದ್ಧ ಅಮೃತಶಿಲೆಯಲ್ಲಿ ಮಲಗೋಕೆ ಚಪ್ಪಟೆ ಹರಳೇ ಇಲ್ಲವಲ್ಲ! ಅದಕ್ಕೇ ಈ ಕಲ್ಲುಗಳನ್ನು ವಿಂಗಡಿಸುವಾಗ ಮೊದಲು ನೋಡುವುದು ಪದರ ಇದೆಯೋ ಇಲ್ಲವೋ ಅಂತ.

ಉಳಿದ ನಾಲ್ಕರಲ್ಲೂ ಪದರ ಇತ್ತು. ಕೆಸರು ಗಟ್ಟಿಯಾದ ಜೇಡಿಕಲ್ಲು ಶಾಖ, ಒತ್ತಡ ಏರಿದ ಹಾಗೆ ಸ್ಲೇಟ್, ಫಿಲೈಟ್, ಶಿಸ್ಟ್, ಕೊನೆಗೆ ನೈಸ್ ಆಗುತ್ತದೆ. ಸ್ಲೇಟಿನಲ್ಲಿ ಹರಳು ಕಣ್ಣಿಗೇ ಕಾಣುವುದಿಲ್ಲ. ಫಿಲೈಟಿಗೆ ರೇಷ್ಮೆಯ ಹೊಳಪು. ಶಿಸ್ಟ್ ಮುಟ್ಟಿದೆನೋ ಇಲ್ಲವೋ, ಕಾಗೆಬಂಗಾರದ ಚೂರು ಬೆರಳಿಗೆಲ್ಲ ಅಂಟಿತು. ಅದರ ನಡುವೆ ಮೆಣಸಿನ ಕಾಳಿನಷ್ಟು ಕೆಂಪು ಹರಳು, ಗಾರ್ನೆಟ್ ಅನ್ನುವ ಖನಿಜ. ಕಾಗೆಬಂಗಾರದ ಪದರ ಅದರ ಹತ್ತಿರ ಬಂದು, ಬಂಡೆಯನ್ನು ಬಳಸಿ ಹೋಗುವ ನೀರಿನ ಹಾಗೆ ಸುತ್ತಿ ಮುಂದೆ ಹೋಗಿತ್ತು. ಪರೀಕ್ಷೆ ಮರೆತು ಅದನ್ನೇ ನೋಡುತ್ತಾ ಕೂತೆ.

“ಆ ಗಾರ್ನೆಟ್ ಇದ್ದರೆ ಕಲ್ಲು ಎಷ್ಟು ಬೆಂದಿದೆ ಅಂತ ಅಂದಾಜು ಸಿಗುತ್ತೆ” ಅಂದರು ಮೇಡಂ. 1893ರಲ್ಲಿ ಭೂವಿಜ್ಞಾನಿ ಜಾರ್ಜ್ ಬ್ಯಾರೋ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಇಂಥ ಖನಿಜಗಳನ್ನೇ ಗುರುತಾಗಿಟ್ಟುಕೊಂಡು ಶಾಖದ ವಲಯಗಳನ್ನು ನಕ್ಷೆಯಲ್ಲಿ ಬರೆದನಂತೆ.

ಕೊನೆಯದು ನೈಸ್. ಕಪ್ಪು ಬಿಳಿ ಪಟ್ಟೆ. ಗ್ರಾನೈಟೂ ನೈಸ್ ಆಗುತ್ತದೆ, ಜೇಡಿಕಲ್ಲೂ ಆಗುತ್ತದೆ.

“ಇದರ ಮೂಲ ಯಾವುದು ಮೇಡಂ?”

ತಿರುಗಿಸಿ ನೋಡಿದರು. “ಈ ತುಂಡು ನೋಡಿ ನಾನೂ ಹೇಳಲಾರೆ.”

‘ಮೂಲಶಿಲೆ’ ಅನ್ನುವ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹಾಳೆ ವಾಪಸ್ ಬಂದಾಗ ಅದಕ್ಕೆ ಅರ್ಧ ಅಂಕ ಬಿದ್ದಿತ್ತು.