ಮೆಟ್ಟಿಲು ಕಟ್ಟಲು ಕಲಿತ ಕಾಲ

ಕಾಲೇಜಿನ ನಾಟಕದ ತಂಡಕ್ಕೆ ನಾವೆಲ್ಲ ಪಾತ್ರ ಬೇಕೆಂದೇ ಸೇರಿದ್ದೆವು. ನನ್ನನ್ನು ಮೇಷ್ಟ್ರು ರಂಗಸಜ್ಜಿಕೆಗೆ, ಅಂದರೆ ವೇದಿಕೆಯ ಮೇಲಿನ ಗೋಡೆ, ಮೆಟ್ಟಿಲು ಕಟ್ಟುವ ಕೆಲಸಕ್ಕೆ ಹಾಕಿದರು. ಆಗ ಬೇಸರವಾದದ್ದು ನಿಜ. ಈಗ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಅವರು ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ರಂಗಶಿಕ್ಷಣ ಪಡೆದವರು. 1985ರಲ್ಲಿ ಆರಂಭವಾದ ಅಲ್ಲಿನ ‘ತಿರುಗಾಟ’ ತಂಡ ಊರೂರಿಗೆ ನಾಟಕ ಒಯ್ಯುತ್ತದೆ. ಅಂಥ ತಂಡದ ಸಜ್ಜಿಕೆ ಬೇಗ ನಿಲ್ಲಬೇಕು, ಅಷ್ಟೇ ಬೇಗ ಬಿಚ್ಚಿ ಗಾಡಿಯೇರಬೇಕು. ಹಾಗಾಗಿ ಕಾಲೇಜಿನ ವೇದಿಕೆ ಬಿಟ್ಟು ಕದಲದ ನಮ್ಮ ನಾಟಕಕ್ಕೂ ಮೇಷ್ಟ್ರು ಮೊಳೆಯ ಬದಲು ಬೋಲ್ಟು, ನಟ್ಟುಗಳನ್ನೇ ಹಾಕಿಸಿದರು.

ಮೊದಲು ಕಲಿತದ್ದು ಫ್ಲ್ಯಾಟ್: ಮರದ ರೀಪಿನ ಚೌಕಟ್ಟಿಗೆ ಕೋರಾ ಬಟ್ಟೆ ಹೊದಿಸಿದ ಗೋಡೆ. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ ಓರೆಯಾಗಿ ಅಳೆದರೆ 5 ಅಡಿ ಬರಬೇಕು. ಬಂದರೆ ಮೂಲೆ ಸರಿಯಾಗಿದೆ. ಪೈಥಾಗೊರಸನ ಪ್ರಮೇಯ ನನಗೆ ಒಲಿದದ್ದು ಆ ನೆಲದ ಮೇಲೆಯೇ. ಬಟ್ಟೆಯನ್ನು ತೀರಾ ಎಳೆದು ಹೊಡೆಯುವಂತಿಲ್ಲ. ಅಂಟಿನ ನೀರು ಬಳಿದು ಒಣಗಿದಾಗ ಅದು ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಮೊದಲೇ ಬಿಗಿದಿದ್ದರೆ ಚೌಕಟ್ಟೇ ಸೊಟ್ಟಗಾಗುತ್ತದೆ. ಬಣ್ಣವನ್ನೂ ಸಪಾಟಾಗಿ ಬಳಿದು ಬಿಡುವುದಲ್ಲ. ಕಡು, ತಿಳಿ ಬಣ್ಣಗಳನ್ನು ಬ್ರಷ್‌ನಿಂದ ಚಿಮುಕಿಸಿ, ಸಭಾಂಗಣದ ಕೊನೆಯ ಸಾಲಿಗೆ ಓಡಿ ಹೋಗಿ ನೋಡಬೇಕು.

ಆದರೆ ನನ್ನ ಮನಸ್ಸು ನೆಟ್ಟದ್ದು ಲೆವೆಲ್‌ಗಳಲ್ಲಿ, ಅಂದರೆ ನಟರು ಹತ್ತಿ ನಿಲ್ಲುವ ಎತ್ತರದ ಕಟ್ಟೆಗಳಲ್ಲಿ. ರಾಣಿಯ ಪಾತ್ರದವಳು ಸೀರೆಯುಟ್ಟು, ಕೈಯಲ್ಲಿ ದೀಪ ಹಿಡಿದು, ಕೆಳಗೆ ನೋಡದೆ ಮೆಟ್ಟಿಲಿಳಿಯಬೇಕಿತ್ತು. ಮೇಷ್ಟ್ರು ದೀಪ ಆರಿಸಿ, ಮೊದಲು ಕಟ್ಟಿದವರನ್ನೇ ಇಳಿಸಿದರು. ಇಳಿದಾಗ ತಿಳಿಯಿತು: ಮೆಟ್ಟಿಲಿಗೆ 8 ಅಂಗುಲ ಎತ್ತರ ಹೆಚ್ಚಾಯಿತು, 6 ಸಾಕು. ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರವಿರಬೇಕು. ಮೊದಲ ಎರಡು ಹೆಜ್ಜೆಯಲ್ಲೇ ಕಾಲು ಲೆಕ್ಕ ಹಿಡಿದುಬಿಡುತ್ತದೆ, ಮೂರನೆಯದು ತುಸು ತಪ್ಪಿದರೂ ಎಡವುತ್ತದೆ. ಪ್ಲೈವುಡ್ ಡಬಡಬ ಸದ್ದು ಮಾಡಿ ಮಾತನ್ನು ನುಂಗದಂತೆ ಹಳೆಯ ಜಮಖಾನೆ ಹಾಸಿ, ಮೇಲೆ ಬಟ್ಟೆ ಬಿಗಿದೆವು. ಕತ್ತಲೆಯಲ್ಲಿ ಕಾಣಲೆಂದು ಅಂಚುಗಳಿಗೆ ಬಿಳಿ ಪಟ್ಟಿ ಅಂಟಿಸಿದೆವು. ಪ್ರದರ್ಶನದ ರಾತ್ರಿ ಅವಳು ಇಳಿಯುವಾಗ ನಾನು ವೇದಿಕೆಯ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲಿ, ಉಸಿರು ಬಿಗಿಹಿಡಿದು ಪ್ರತಿ ಮೆಟ್ಟಿಲನ್ನೂ ಎಣಿಸಿದೆ.

ಈಗ ನಾಟಕವಾಡುತ್ತಿರುವ ಕಿರಿಯರಲ್ಲಿ ಒಂದು ಕೋರಿಕೆ: ಸಜ್ಜಿಕೆ ಕಟ್ಟಿದವರ ಹೆಸರುಗಳನ್ನು ಕರಪತ್ರದಲ್ಲಿ ನಟರ ಪಕ್ಕದಲ್ಲೇ ಅಚ್ಚು ಹಾಕಿಸಿ. ಆ ಲೆವೆಲ್‌ಗಳು ಇನ್ನೂ ಉಗ್ರಾಣದಲ್ಲಿದ್ದರೆ, ಬಳಸುವ ಮೊದಲು ಬೋಲ್ಟುಗಳನ್ನು ಬಿಗಿಮಾಡಿಕೊಳ್ಳಿ.