ಮೂರನೇ ಸಿಲಿಂಡರಿನ ಮುನಿಸು

ಚಿತ್ರದುರ್ಗದಲ್ಲಿ ಈರುಳ್ಳಿ ಹೇರಿಕೊಂಡು ದಾವಣಗೆರೆಗೆ ಹೊರಟಿದ್ದೆ. ಭರಮಸಾಗರ ದಾಟುವಷ್ಟರಲ್ಲಿ ನಮ್ಮ ಪೆಟ್ರೋಲ್ ಪಿಕಪ್ ಕೆಮ್ಮತೊಡಗಿತು. ಗೇರ್ ಲಿವರ್ ಗಡಗಡ. ಎಂಜಿನ್ ಲೈಟು ಬೇರೆ ಮಿಣಮಿಣ. ಹಾಗೆ ಮಿನುಗುವಾಗ ಓಡಿಸಬಾರದು, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಪಕ್ಕಕ್ಕೆ ಹಾಕಿ ಫೋನ್ ಮಾಡಿದೆ.

ಮೆಕ್ಯಾನಿಕ್ ಹುಡುಗ ಬಂದು ಸ್ಕ್ಯಾನರ್ ಹಾಕಿದ. ಪಿ0303 ಅನ್ನೋ ಕೋಡ್ ಬಂತು, ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

"ಎಲ್ಲಾ ಪ್ಲಗ್ಗೂ ಬದಲಾಯಿಸಿಬಿಡಪ್ಪ" ಅಂದೆ.

"ಸುಮ್ನಿರಣ್ಣ" ಅಂದವನೇ ಮೂರನೇ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬಿಚ್ಚಿ ಒಂದನೇದಕ್ಕೆ, ಒಂದನೇದನ್ನು ಮೂರಕ್ಕೆ ಹಾಕಿದ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರೆ ಪಿ0301! ರೋಗ ಕಾಯಿಲ್ ಜೊತೆಗೇ ಹೋಗಿತ್ತು. ಅದರ ರಬ್ಬರಿನ ಮೇಲೆ ಕೂದಲೆಳೆಯಷ್ಟು ಬಿರುಕು.

ಮನೆಯಲ್ಲಿ ಜಗಳವಾದಾಗಲೂ ನಾನು ಹೀಗೆ ಜಾಗ ಬದಲಿಸಿ ನೋಡಿದವನಲ್ಲ, ಸೀದಾ ಪ್ಲಗ್ಗಿನ ಮೇಲೇ ಸಿಟ್ಟು.

ಹೊಸ ಕಾಯಿಲ್ ಬಿತ್ತು, ಗಾಡಿ ಹೊಲಿಗೆ ಮಿಷಿನ್ನಿನಂತೆ ಓಡಿತು. ಈರುಳ್ಳಿ ಇಳಿಸಿ ಈಗ ಬೆಣ್ಣೆದೋಸೆ ಮುಂದೆ ಕೂತಿದ್ದೇನೆ. ಕೈಯಲ್ಲಿನ್ನೂ ಗ್ರೀಸ್ ವಾಸನೆ.